ತೋಟಪ್ಪನವರು ಹೊಗಳಿಕೆ ತೂಗಿದ್ದು

ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಇಂಗ್ಲಿಷನ್ನು ತೂಗಿ ಮಾತಾಡುವ ವರ್ತಕರು ಯಾರಾದರೂ ಇದ್ದರೆ ಅದು ತೋಟಪ್ಪನವರು. ಉಳಿದವರು ಇಂಗ್ಲಿಷನ್ನು ಚೀಲಗಟ್ಟಲೆ ಸುರಿಯುತ್ತಾರೆ. ತೋಟಪ್ಪನವರು ಬಂಗಾರದಂಗಡಿಯವರ ಹಾಗೆ ಗುಂಜಿ ಗುಂಜಿ ಕೊಡುತ್ತಾರೆ. ಚಿಕ್ಕಂದಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಚಿತ್ರದುರ್ಗದ ಕಾನ್ವೆಂಟಿಗೆ ಹೋದದ್ದೇ ಇದಕ್ಕೆ ಕಾರಣ. ಅಲ್ಲಿನ ಸಿಸ್ಟರು ಮಕ್ಕಳು ಬರೆದ ಕಾಪಿಯ ಅಡಿಯಲ್ಲಿ ಕೆಂಪು ಶಾಯಿಯಿಂದ ಒಂದೊಂದು ಪದ ಗೀಚುತ್ತಿದ್ದರು: ಫೇರ್, ಗುಡ್, ವೆರಿ ಗುಡ್, ಎಕ್ಸಲೆಂಟ್. ತೋಟಪ್ಪನವರು ‘ಗುಡ್’ ಎಂಬ ಮೆಟ್ಟಿಲ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದ್ದವರು. ‘ವೆರಿ’ಗಾಗಿ ಅವರು ಪಟ್ಟ ಪಾಡನ್ನು ಋಷಿಮುನಿಗಳು ಮೋಕ್ಷಕ್ಕಾಗಿ ಪಟ್ಟಿದ್ದರೆ ಯಾವತ್ತೋ ಸಿಕ್ಕಿಬಿಡುತ್ತಿತ್ತು.

ಹೀಗೆ ಕಷ್ಟಪಟ್ಟು ಏರಿದ (ಅಥವಾ ಏರದೆ ಉಳಿದ) ಏಣಿಯನ್ನು ಲೋಕದ ಜನ ಎಳೆದಾಡುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ. ಯಾರದೋ ಮಗುವಿನ ಫೋಟೋಗೂ ‘ಆಸಮ್’, ಯಾರೋ ತಿಂದ ಮಂಡಕ್ಕಿಗೂ ‘ಆಸಮ್’!

“ಆಸಮ್ ಅನ್ನಬೇಕಾದ್ರೆ ದುರ್ಗದ ಕೋಟೆ ಮುಂದೆ ನಿಂತು, ತಲೆ ಎತ್ತಿ ನೋಡಿ, ಪೇಟ ಹಿಂದಕ್ಕೆ ಬೀಳಬೇಕು,” ಎಂದು ಅವರು ಮಂಡಿಯಲ್ಲಿ ಪಾಠ ಹೇಳುತ್ತಿದ್ದರು. “ಮಂಡಕ್ಕಿಗೆ ಆಸಮ್ ಅಂದ್ಬಿಟ್ರೆ ಕೋಟೆಗೆ ಏನಂತೀರಿ? ಗ್ರೇಟ್ ಅನ್ನೋದು ಮನುಷ್ಯರಿಗೆ, ಗ್ರ್ಯಾಂಡ್ ಅನ್ನೋದು ಮದುವೆಗೆ. ಫೆಂಟಾಸ್ಟಿಕ್ ಅನ್ನೋದು ಕನಸಿನಾಗೂ ಕಾಣದ್ದಕ್ಕೆ.”

ಮನೆಯಲ್ಲೂ ಇದೇ ತಕ್ಕಡಿ.

“ರೀ, ಚಟ್ನಿ ಹೆಂಗೈತೆ?” ಎಂದು ಹೆಂಡತಿ ದಾಕ್ಷಾಯಿಣಿ ಕೇಳುವಳು.

“ನೈಸ್.”

“ನಿನ್ನೆ ಗುಡ್ ಅಂದಿದ್ರಿ!”

“ನಿನ್ನೆ ಬೆಳ್ಳುಳ್ಳಿ ಮಿತವಾಗಿತ್ತು.”

ಬಾಗಿಲ ಬಳಿ ಕೂತ ತಾಯಿ ಕಮಲಾಕ್ಷಮ್ಮ ತಮ್ಮದೊಂದು ವ್ಯಾಖ್ಯಾನ ಸೇರಿಸುವರು. ಅವರ ಪಾಲಿಗೆ ‘ನೈಸ್’ ಗಿರಣಿಯ ಪದ, ನುಣ್ಣಗೆ ಎಂದರ್ಥ. “ನೈಸಾಗೈತೆ ಅಂದ್ರೆ ತರಿತರಿಯಾಗಿ ರುಬ್ಬಬೇಕಿತ್ತು ಅಂತ ಕಣೆ. ನಾಳಿಂದ ಬೇಗ ಮಿಕ್ಸಿ ಆರಿಸು.”

ಇಂಥ ತೋಟಪ್ಪನವರ ಪಡಸಾಲೆಗೆ ಒಂದು ದಿನ ಮೊಳಕಾಲ್ಮೂರಿನಿಂದ ಒಂದು ದೊಡ್ಡ ಗಂಟು ಬಂದಿಳಿಯಿತು. ದಾಕ್ಷಾಯಿಣಿಯ ತವರು ಮೊಳಕಾಲ್ಮೂರು; ತಮ್ಮ ಸಂಗಮೇಶ್ ಅಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟವನು. ಊರಾಚೆಯ ಹುಲ್ಲುಗಾವಲು, ಕಾವಲಿನ ಕಡೆ ವಿಜ್ಞಾನಿಗಳ ಕ್ವಾರ್ಟರ್ಸ್ ಎದ್ದ ಮೇಲೆ ಅಲ್ಲಿನ ಹೆಣ್ಣುಮಕ್ಕಳು ಭಾನುವಾರ ಭಾನುವಾರ ಕಾರು ಹತ್ತಿ ಚಳ್ಳಕೆರೆಗೆ ಬರುವುದನ್ನು ದಾಕ್ಷಾಯಿಣಿ ತರಕಾರಿ ಅಂಗಡಿಯಲ್ಲಿ ಗಮನಿಸಿದ್ದಳು. ಬದನೆಕಾಯಿ ಆರಿಸುತ್ತಲೇ ಅವರ ಸ್ನೇಹ ಬೆಳೆಸಿ, ಸೀರೆ ನೋಡಲು ಮನೆಗೇ ಕರೆದಿದ್ದಳು. ಮದುವೆಯಾಗಿ ಬಂದಂದಿನಿಂದ ತನ್ನದೇ ಒಂದು ಅಂಗಡಿ ಬೇಕೆಂಬುದು ಅವಳ ಆಸೆ. ಸಂಗಮೇಶ್ ಮಾತ್ರ ವ್ಯಾಪಾರಸ್ಥನ ಮಾತನ್ನೇ ಆಡಿದ್ದ: “ಅಕ್ಕಾ, ಈ ಗಂಟು ಕರಗಿದ್ರೆ ಇನ್ನೊಂದು ಕಳಿಸ್ತೀನಿ. ಕರಗ್ಲಿಲ್ಲ ಅಂದ್ರೆ ಅಂಗಡಿ ಆಸೆ ಬಿಟ್ಟುಬಿಡು.”

ತೋಟಪ್ಪನವರದೂ ಒಂದು ಷರತ್ತಿತ್ತು. ಆ ಪಡಸಾಲೆ ಅವರ ಶೇಂಗಾ ಸ್ಯಾಂಪಲ್ಲಿನ ಸಿಂಹಾಸನ. “ದಸರಾ ತನಕ ನೋಡಣ. ಆಗ್ಲಿಲ್ಲ ಅಂದ್ರೆ ನನ್ನ ಪಡಸಾಲೆ ನಂಗೆ. ಆದ್ರೆ ಒಂದು ಮಾತು ಹೇಳ್ತೀನಿ ದಾಕ್ಷಾಯಿಣಿ, ಬರೋರೆಲ್ಲ ಇಂಗ್ಲಿಷಿನಾಗೆ ಮಾತಾಡೋರು. ಅವರು ಯಾವ ಪದ ಅಂದ್ರೆ ಎಷ್ಟು ಮೆಚ್ಚಿದಾರೆ ಅಂತ ಅರ್ಥ ಅನ್ನೋದು ನಿಂಗೆ ತಿಳಿಯಲ್ಲ. ನಾನು ಪಕ್ಕದಾಗೆ ಕೂತಿರ್ತೀನಿ.”

“ಕೂತ್ಕಳಿ,” ಎಂದಳು ದಾಕ್ಷಾಯಿಣಿ. “ಸೀರೆ ಮೇಲೆ ಮಾತ್ರ ಕೂರಬೇಡಿ.”

ಭಾನುವಾರ ಇಬ್ಬರು ಬಂದರು. ಆಶಾ ಮೇಡಂ ಎಂಬುವರು ದುಂಡಗೆ, ನಗುನಗುತ್ತಾ. ಸ್ವಪ್ನಾ ಮೇಡಂ ಎಂಬುವರು ತೆಳ್ಳಗೆ, ಹುಬ್ಬು ಗಂಟಿಕ್ಕಿಕೊಂಡು. ದಾಕ್ಷಾಯಿಣಿ ಗಿಳಿಹಸಿರಿನ ಮೇಲೆ ನವಿಲುಗಳು ಮೆರವಣಿಗೆ ಹೊರಟ ಸೀರೆಯೊಂದನ್ನು ಬಿಡಿಸಿದ್ದೇ ತಡ, ಆಶಾ ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಓ ಮೈ ಗಾಡ್, ಗಾರ್ಜಿಯಸ್! ಆಂಟಿ, ಇದು ಫೆಂಟಾಸ್ಟಿಕ್! ಸ್ವಪ್ನಾ, ನೋಡೇ, ಆ ನವಿಲು ಎಷ್ಟು ಲವ್ಲಿ!”

ತೋಟಪ್ಪನವರ ಮೈಯಲ್ಲಿ ಕರೆಂಟು ಹರಿಯಿತು. ಗಾರ್ಜಿಯಸ್! ಸಿಸ್ಟರ ಏಣಿಯಲ್ಲಿ ಆ ಮೆಟ್ಟಿಲೇ ಇರಲಿಲ್ಲ. ಅದು ಎಕ್ಸಲೆಂಟಿನ ಮೇಲಿನ ಮಾಳಿಗೆ. ಜೊತೆಗೆ ಫೆಂಟಾಸ್ಟಿಕ್. ಅಂದರೆ ಕನಸಿನಲ್ಲೂ ಕಾಣದ್ದು!

ಅತ್ತ ಸ್ವಪ್ನಾ ಮೇಡಂ ಕಾಫಿಪುಡಿ ಬಣ್ಣದ, ದಪ್ಪ ಅಂಚಿನ ಒಂದು ಸೀರೆ ಎಳೆದುಕೊಂಡು ಹಿಂದೆ ಮುಂದೆ ತಿರುಗಿಸುತ್ತಿದ್ದರು. ಉಗುರಿನಿಂದ ಜರಿ ಕೆರೆದರು. ಬೆಳಕಿಗೆ ಹಿಡಿದರು. ಮೂಸಿಯೂ ನೋಡಿದರು.

“ಹ್ಞೂಂ... ನೈಸ್,” ಎಂದರು. “ಅಂಚು ಸ್ವಲ್ಪ ಜಾಸ್ತಿ ಆಯ್ತಲ್ವಾ? ಬಣ್ಣಾನೂ ಡಲ್ಲು. ಇದನ್ನ ಉಟ್ರೆ ನಮ್ಮತ್ತೆ ಥರ ಕಾಣ್ತೀನೇನೋ.”

ಮತ್ತೆ ಅಂಥದೇ ಎರಡು ಸೀರೆ ತೆಗೆದು, ಅವುಗಳಲ್ಲೂ ಹುಳುಕು ಹುಡುಕಿ, ಮಡಿಸಿಟ್ಟರು. “ಬರೋ ಭಾನುವಾರ ಬರ್ತೀವಿ ಆಂಟಿ” ಎಂದು ಇಬ್ಬರೂ ಟೀ ಕುಡಿದು ಕಾರು ಹತ್ತಿದರು.

“ನೋಡಿದ್ಯಾ?” ತೋಟಪ್ಪನವರು ಪಂಚೆ ಕೊಡವಿಕೊಂಡು ಎದ್ದರು. “ಗಿಳಿಹಸಿರು ವ್ಯಾಪಾರ ಆದಂಗೇ. ಆ ಕಾಫಿಪುಡಿ ಮಾತ್ರ ಔಟ್.”

“ಯಾಕ್ರಿ ಔಟ್?”

“ಅವಳು ನೈಸ್ ಅಂದ್ಲು ಕಣೆ. ಅದೂ ‘ಹ್ಞೂಂ’ ಹಾಕಿ. ಇಂಗ್ಲಿಷಿನಾಗೆ ನೈಸ್ ಅಂದ್ರೆ, ಬೇರೇನೂ ಹೇಳೋಕಿಲ್ಲ, ಮರ್ಯಾದೆಗೆ ಒಂದು ಮಾತು ಅಂತ.”

“ಒಂದೇ ಸೀರೇನ ಅಷ್ಟೊತ್ತು ಕೆರೆದ್ರಲ್ರಿ ಅವರು...”

“ಕೆರೆದಿದ್ದು ಯಾಕೆ? ಹಿಡಿಸ್ಲಿಲ್ಲ, ಅದಕ್ಕೆ. ನಿಂಗೆ ಇಂಗ್ಲಿಷು ತಿಳಿಯಲ್ಲ, ಸುಮ್ನಿರು.”

ದಾಕ್ಷಾಯಿಣಿ ಸೀರೆಗಳನ್ನು ಕಪಾಟಿಗೆ ಸೇರಿಸಿದಳು. ಅವಳಿಗೆ ಮಾರನೆಯ ದಿನ ನನ್ನಿವಾಳದಲ್ಲಿ ಚಿಕ್ಕಪ್ಪನ ಮಗಳ ಸೀಮಂತ. ಎರಡು ದಿನ ಅಲ್ಲೇ ಇರಬೇಕಿತ್ತು. ಅವಳು ಅತ್ತ ಬಸ್ಸು ಹತ್ತಿದಳು, ಇತ್ತ ತೋಟಪ್ಪನವರ ತಲೆಗೆ ಮಹದಾಲೋಚನೆಯೊಂದು ಹತ್ತಿತು. ‘ನೈಸ್’ ಮಾಲನ್ನು ಮನೆಯಲ್ಲಿಟ್ಟುಕೊಂಡು ಏನು ಪ್ರಯೋಜನ? ವಾಪಸು ಕೊಟ್ಟು ‘ಗಾರ್ಜಿಯಸ್’ ಮಾಲನ್ನೇ ತಂದರೆ ಹೆಂಡತಿ ಬಂದು ನೋಡಿ ಬೆರಗಾಗಬೇಕು! ಕಾಫಿಪುಡಿ ಬಣ್ಣದ ಮೂರೂ ಸೀರೆಯನ್ನು ಚೀಲಕ್ಕೆ ತುಂಬಿ ಮೊಳಕಾಲ್ಮೂರಿಗೆ ಹೊರಟೇಬಿಟ್ಟರು. ಆ ಸೀರೆಗಳಲ್ಲಿ ಥಳುಕೇ ಇಲ್ಲ ಎಂಬುದು ಬಸ್ಸು ತಳಕು ಎಂಬ ಊರು ದಾಟುವಷ್ಟರಲ್ಲಿ ಅವರಿಗೆ ಇನ್ನೂ ಖಾತ್ರಿಯಾಗಿತ್ತು.

ಸಂಗಮೇಶ್ ಸೀರೆಗಳನ್ನು ನೋಡಿ ಕಣ್ಣರಳಿಸಿದ. “ಭಾವ, ಇವು ಓಡೋ ಮಾಲು. ಯಾಕೆ ವಾಪಸ್ಸು?”

“ಗಿರಾಕಿ ಮೆಚ್ಚಲಿಲ್ಲಪ್ಪ. ಗಿಳಿಹಸಿರು, ನವಿಲಿಂದು ಎಷ್ಟದಾವೆ ಕೊಡು.”

“ಅವು ಇಲ್ಲೇ ಭಾಳ ದಿನದಿಂದ ಅದಾವೆ ಭಾವ. ಅಕ್ಕನ್ನ ಒಂದ್ಮಾತು ಕೇಳಿ...”

“ಅಕ್ಕನ ಪರವಾಗೇ ಬಂದೀನಿ,” ಎಂದರು ತೋಟಪ್ಪನವರು ಗಂಭೀರವಾಗಿ. ಅಕ್ಕನ ಗಂಡನ ಎದುರು ಎರಡು ಮಾತಾಡುವ ಪದ್ಧತಿ ಆ ಮನೆಯಲ್ಲಿಲ್ಲ. ಸಂಗಮೇಶ್ ಧೂಳು ಕೊಡವಿ ಮೂರು ಗಿಳಿಹಸಿರು ಕಟ್ಟಿಕೊಟ್ಟ. ಕೊಡುವಾಗ ಅವನ ಮುಖದಲ್ಲಿ ಮಗಳ ಮದುವೆ ಮುಗಿಸಿದ ತಂದೆಯ ನಿರಾಳ ಕಾಣಿಸಿತು. ತೋಟಪ್ಪನವರು ಅದನ್ನು ಬಂಧುಪ್ರೇಮ ಎಂದು ತಿಳಿದರು.

ನನ್ನಿವಾಳದಿಂದ ಬಂದ ದಾಕ್ಷಾಯಿಣಿ ಕಪಾಟಿನಲ್ಲಿ ಸಾಲಾಗಿ ಕೂತ ಗಿಳಿಗಳನ್ನು ನೋಡಿದಳು. ಬೆರಗಾದಳು. (ಈ ಮಟ್ಟಿಗೆ ತೋಟಪ್ಪನವರ ಲೆಕ್ಕ ಸರಿಯಾಗಿತ್ತು.) ಆದರೆ ಬಾಯಿ ಬಿಡಲಿಲ್ಲ. ಬಾಯಿ ಬಿಡದ ಹೆಂಡತಿಯ ಮನೆಯಲ್ಲಿ ಚಟ್ನಿಗೆ ಉಪ್ಪೂ ಬೀಳುವುದಿಲ್ಲ ಎಂಬುದು ಅಂದು ಮಧ್ಯಾಹ್ನವೇ ತಿಳಿಯಿತು. ತೋಟಪ್ಪನವರು ಯಾವ ದರ್ಜೆಯನ್ನೂ ಕೊಡದೆ ಉಂಡೆದ್ದರು.

ಭಾನುವಾರ ಕಾರು ನಿಂತಿತು. ಈ ಸಲ ಅದರಿಂದ ನಾಲ್ವರು ಇಳಿದರು. ಆಶಾ ಮೇಡಂ ಗಿಳಿಹಸಿರಿನ ಸಾಲು ಕಂಡು ಚಪ್ಪಾಳೆ ತಟ್ಟಿದರು.

“ವಾವ್! ಇನ್ನೂ ಗಾರ್ಜಿಯಸ್ ಆಗಿ ಕಾಣ್ತಿವೆ!”

“ಪ್ಯಾಕ್ ಮಾಡ್ಲಾ ಮೇಡಂ?” ಎಂದು ತೋಟಪ್ಪನವರು ಮುಂದೆ ಬಂದರು.

“ಅಯ್ಯೋ, ನನಗಾ ಅಂಕಲ್? ಬೇಡಪ್ಪ. ನನ್ನ ಹತ್ರ ಸೀರೆ ಇಡೋಕೇ ಜಾಗ ಇಲ್ಲ. ನೋಡೋಕೆ ಚೆನ್ನಾಗಿದೆ ಅಂದೆ ಅಷ್ಟೆ. ಆಂಟಿ, ಟೀ ಮಾತ್ರ ಮಾರ್ವಲಸ್!”

ಆಗ ಸ್ವಪ್ನಾ ಮೇಡಂ ಹುಬ್ಬು ಗಂಟಿಕ್ಕಿಕೊಂಡೇ ಕಪಾಟಿನ ಮೇಲಿಂದ ಕೆಳಗೆ ಹುಡುಕಿದರು.

“ಆ ಕಾಫಿ ಕಲರ್ ಎಲ್ಲಿ ಆಂಟಿ? ಅದಕ್ಕೇ ಅಂತ ಬಂದೆ. ಇವರಿಬ್ರನ್ನೂ ಕರ್ಕೊಂಡು ಬಂದಿದೀನಿ, ಅಂಥದೇ ತಗೋಬೇಕು ಅಂತ.”

ತೋಟಪ್ಪನವರು ಕಪಾಟಿಗೆ ಅಡ್ಡವಾಗಿ ನಿಂತರು.

“ಮೇಡಂ,” ಎಂದರು, “ನೀವು ನೈಸ್ ಅಂದ್ರಿ...”

“ಹೌದು, ನೈಸ್ ಅಂದೆ.”

“ಅಂಚು ಜಾಸ್ತಿ ಅಂದ್ರಿ. ಡಲ್ಲು ಅಂದ್ರಿ. ಅತ್ತೆ ಥರ ಅಂದ್ರಿ...”

“ತಗೋಳ್ಳೋದಾದ್ರೆ ನೋಡ್ಬೇಕಲ್ವಾ ಅಂಕಲ್? ಸುಮ್ಸುಮ್ನೆ ಯಾರು ಅಷ್ಟೊತ್ತು ನೋಡ್ತಾರೆ?”

ದಾಕ್ಷಾಯಿಣಿ ಗಂಡನ ಕಡೆ ತಿರುಗಲೇ ಇಲ್ಲ. “ಸ್ವಲ್ಪ ಒಗ್ಗರಣೆ ಹಾಕಿದ ಮಂಡಕ್ಕಿ ತಿಂದು ಹೋಗಿ,” ಎಂದು ಅವರನ್ನು ಉಪಚರಿಸಿ, “ಬರೋ ಭಾನುವಾರ ಖಂಡಿತ ಸಿಗ್ತಾವೆ” ಎಂದು ಬೀಳ್ಕೊಟ್ಟಳು. ಕಾರು ಮೂಲೆ ತಿರುಗಿದ ಮೇಲೆ ಬಾಗಿಲು ಹಾಕಿಕೊಂಡಳು.

“ದಸರಾ ಹತ್ರ ಬಂತು. ನಿಮ್ಮ ಪಡಸಾಲೆ ನಿಮಗೆ ಸಿಕ್ತೈತೆ ಬಿಡ್ರಿ. ಅದಕ್ಕೇ ತಾನೆ ಮಾಡಿದ್ದು?”

ತೋಟಪ್ಪನವರಿಗೆ ಈ ಮಾತು ಚುಚ್ಚಿತು. “ಅಲ್ಲ ಕಣೆ! ನಾನು ಇಂಗ್ಲಿಷಿನ ಪ್ರಕಾರ...”

“ನಿಮ್ಮ ಇಂಗ್ಲಿಷಿಗೆ ಬೆಂಕಿ ಹಾಕ! ಮಂಡೀಲಿ ರಾಶಿ ಮುಂದೆ ನಿಂತಾಗ ಏನಂತೀರಿ? ಬೊಗಸೇಲಿ ಎತ್ಕಂಡು, ಜೊಳ್ಳು ಜಾಸ್ತಿ, ತೇವ ಐತೆ, ಕಾಳು ಸಣ್ಣ, ಅಂತ ಮುಖ ಸಿಂಡರಿಸ್ತೀರಲ್ಲ, ಆ ರಾಶಿ ಏನು ಬಿಟ್ಟು ಬರ್ತೀರಾ?”

“ಛೆ, ಅದನ್ನೇ ಹಿಡೀತೀನಿ.”

“ಫಸ್ಟ್ ಕ್ಲಾಸ್ ಮಾಲು ಅಂದ ರಾಶೀನ?”

“ಹೊಗಳಿ ಮುಂದಕ್ಕೆ ಹೋಗ್ತೀನಿ...” ಇಷ್ಟು ವರ್ಷ ತಾವೇ ದಿನಾ ಮಾಡುತ್ತಿದ್ದುದನ್ನು ಬೇರೆಯವರು ಇಂಗ್ಲಿಷಿನಲ್ಲಿ ಮಾಡಿದಾಗ ಗುರುತು ಹಿಡಿಯದೆ ಹೋದ ಸಂಕಟ ಅವರ ಮುಖದ ಮೇಲೆ ಮೆಲ್ಲಗೆ ಹರಡಿತು.

ಕಮಲಾಕ್ಷಮ್ಮ ಬಾಗಿಲ ಬಳಿಯಿಂದ ಗಾಯಕ್ಕೆ ಖಾರ ಎರಚಿದರು. “ಲೇ ತೋಟ, ನನ್ನ ನೋಡಾಕೆ ಮೊದ್ಲು ಹಿರಿಯೂರಿಂದ ಒಂದು ಗಂಡು ಬಂದಿದ್ದ. ಹುಡುಗಿ ಚಂದ, ಮನೆ ಚಂದ, ಉಪ್ಪಿಟ್ಟು ಚಂದ, ನಿಮ್ಮ ಎಮ್ಮೇನೂ ಚಂದ ಅಂದ. ಹೋದೋನು ತಿರುಗಿ ನೋಡ್ಲಿಲ್ಲ. ಆಮೇಲೆ ನಿಮ್ಮಪ್ಪ ಬಂದ್ರು. ‘ಬಣ್ಣ ಸ್ವಲ್ಪ ಕಮ್ಮಿ, ಹಲ್ಲು ಸ್ವಲ್ಪ ಮುಂದೆ, ಮಾತು ಭಾಳ ಜಾಸ್ತಿ. ಲಗ್ನ ಯಾವಾಗ ಇಟ್ಕಳಣ?’ ಅಂದ್ರು.”

ಮಾರನೆಯ ದಿನ ತೋಟಪ್ಪನವರು ಮಂಡಿಗೆ ಹೋಗಲಿಲ್ಲ. ಸಂಗಮೇಶ್ ಕೊಟ್ಟ ಮೂರು ಗಿಳಿಹಸಿರನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಅಂಗಡಿಯಲ್ಲಿ ಸಂಗಮೇಶ್ ಅವರ ಕಿವಿಯಲ್ಲಿ ಪಿಸುಗುಟ್ಟಿದ: “ಎರಡು ಇಲ್ಲೇ ಅದಾವೆ ಭಾವ. ಮೂರನೇದು ಅಗೋ, ಅವರ ಕೈಯಾಗೆ.”

ರಾಯದುರ್ಗದಿಂದ ಬಂದ ದಂಪತಿಗಳು ಜಮಖಾನದ ಮೇಲೆ ಕೂತಿದ್ದರು. ಆ ಹೆಂಗಸು ಕಾಫಿಪುಡಿ ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ತೆಲುಗಿನಲ್ಲಿ ಒಂದೇ ಸಮ ಗೊಣಗುತ್ತಿದ್ದಳು. ಅಂಚು ದಪ್ಪವಂತೆ, ಬಣ್ಣ ಮಾಸಲಂತೆ, ಜರಿ ನಂಬುವ ಹಾಗಿಲ್ಲವಂತೆ. ಹಿಂದಿನ ವಾರವಾಗಿದ್ದರೆ ತೋಟಪ್ಪನವರು ‘ಪಾಪ, ಹಿಡಿಸಲಿಲ್ಲ’ ಎಂದುಕೊಳ್ಳುತ್ತಿದ್ದರು. ಈಗ ಬೇರೆಯೇ ಲೆಕ್ಕ ಹಾಕಿದರು. ಇಷ್ಟೊಂದು ಬೈಯುತ್ತಿದ್ದಾಳೆಂದರೆ ಇನ್ನೊಂದು ಗಳಿಗೆಯಲ್ಲಿ ಕೊಂಡೇಬಿಡುತ್ತಾಳೆ!

“ಸಂಗಮೇಶ, ಹೆಂಗಾರ ಮಾಡಿ ಬಿಡಿಸ್ಕಳೋ!”

“ಗಿರಾಕಿ ಕೈಯಾಗಿಂದ ಕಿತ್ಕಳಾಕಾಗ್ತೈತಾ ಭಾವ? ಬಾಗುಂದಿ ಅಂದೋರು ಬಾಗ್ಲು ದಾಟ್ತಾರೆ. ಇವ್ರು ಒಂದ್ಸಲಾನೂ ಬಾಗುಂದಿ ಅಂದಿಲ್ಲ.”

ಚೆನ್ನಾಗಿದೆ ಎನ್ನುವ ಆ ತೆಲುಗು ಮಾತು ಕಿವಿಗೆ ಬಿದ್ದದ್ದೇ ತೋಟಪ್ಪನವರ ಕಣ್ಣು ಮಿಂಚಿತು. ಅವರು ಅನ್ನದಿದ್ದರೇನು, ತಾವು ಅನ್ನಬಹುದಲ್ಲ! ಶಲ್ಯ ಸರಿಮಾಡಿಕೊಂಡು ಹೋಗಿ ದಂಪತಿಗಳ ಪಕ್ಕದಲ್ಲೇ ಕೂತರು.

“ಚಾಲಾ ಬಾಗುಂದಮ್ಮಾ!” ಎಂದರು ದೊಡ್ಡ ಗಂಟಲಲ್ಲಿ. “ಸೀರೆ ಅಂದ್ರೆ ಇದು! ಎಕ್ಸಲೆಂಟ್! ಸುಪರ್ಬ್! ಏನು ಅಂಚು, ಏನು ಬಣ್ಣ! ಮ್ಯಾಗ್ನಿಫಿಸೆಂಟ್!”

ಹೆಂಗಸಿನ ಕೈ ಸೀರೆಯ ಮೇಲೆ ನಿಂತಿತು. ಗಂಡ ತೋಟಪ್ಪನವರನ್ನು ತಲೆಯಿಂದ ಕಾಲಿನವರೆಗೆ ಅಳೆದ. ಕೊಳ್ಳಲು ಬಂದವನು ಹೀಗೆ ಹೊಗಳುತ್ತಾನೆಯೇ? ಇವನು ಅಂಗಡಿಯವರೇ ಕೂರಿಸಿದ ಮನುಷ್ಯ. ಎಂದಮೇಲೆ ಮಾಲಿನಲ್ಲಿ ಏನೋ ಐಬಿದೆ!

ತೋಟಪ್ಪನವರು ಬತ್ತಳಿಕೆಯ ಕೊನೆಯ ಬಾಣ ತೆಗೆದರು. “ಗಾರ್ಜಿಯಸ್!”

“ಪದ, ಪದ,” ಎಂದು ಗಂಡ ಹೆಂಡತಿಯ ಮೊಣಕೈ ಹಿಡಿದು ಎಬ್ಬಿಸಿದ. ತೆಲುಗಿನಲ್ಲಿ ‘ಪದ’ ಎಂದರೆ ನಡಿ ಎಂದರ್ಥ. ಪದಗಳನ್ನು ನಂಬಿ ಕೆಟ್ಟಿದ್ದ ತೋಟಪ್ಪನವರಿಗೆ ಕೊನೆಗೂ ಒಂದು ಪದ ಕೈಹಿಡಿಯಿತು. ಕೈಬಿಟ್ಟ ಗಿರಾಕಿಯನ್ನು ನೋಡುತ್ತಾ ಸಂಗಮೇಶ್ ತಲೆಯ ಮೇಲೆ ಕೈಹೊತ್ತು ಕೂತ. “ಭಾವ, ದಯಮಾಡಿ ಇನ್ನೊಂದ್ಸಲ ನಮ್ಮ ಅಂಗಡೀಲಿ ಇಂಗ್ಲಿಷ್ ಮಾತಾಡ್ಬೇಡಿ.”

ಮುಂದಿನ ಭಾನುವಾರ ಕ್ವಾರ್ಟರ್ಸಿನ ಹೆಣ್ಣುಮಕ್ಕಳು ಎರಡು ಕಾರು ಮಾಡಿಕೊಂಡು ಬಂದರು. ಸ್ವಪ್ನಾ ಮೇಡಂ ಕಾಫಿಪುಡಿಗೆ ಹೊಸ ಹುಳುಕುಗಳನ್ನು ಹುಡುಕಿ ಚೀಲಕ್ಕಿಳಿಸಿದರು. ಜೊತೆಗೆ ಬಂದವರು ಮೂಗು ಮುರಿದರು, ಅಂಚು ಹಳಿದರು, ಜರಿ ಜರಿದರು. ನಿಂದಾಸ್ತುತಿ ಏರಿದಷ್ಟೂ ದಾಕ್ಷಾಯಿಣಿಯ ಮುಖ ಅರಳುತ್ತಾ ಹೋಯಿತು. ಆಶಾ ಮೇಡಂ ಒಬ್ಬರೇ ಎಲ್ಲವನ್ನೂ ಬಾಯ್ತುಂಬ ಹೊಗಳಿ, ಎರಡು ಲೋಟ ಟೀ ಕುಡಿದು, ಬರಿಗೈಲಿ ಹೋದರು. ಸಂಜೆಯ ಹೊತ್ತಿಗೆ ಗಂಟು ಕರಗಿ ಒಂದೇ ಒಂದು ಸೀರೆ ಉಳಿದಿತ್ತು: ಮೊದಲನೇ ದಿನದ ಗಿಳಿಹಸಿರು. ಸಂಗಮೇಶ್ ಎರಡನೇ ಗಂಟು ಬಸ್ಸಿಗೆ ಹಾಕಿದ್ದೇನೆಂದು ಫೋನು ಮಾಡಿದ. ಶೇಂಗಾ ಸ್ಯಾಂಪಲ್ಲುಗಳು ಪಡಸಾಲೆ ಬಿಟ್ಟು ಹಿತ್ತಲಿನ ಕಡೆ ಶಾಶ್ವತವಾಗಿ ವಲಸೆ ಹೋದವು.

ತೋಟಪ್ಪನವರಿಗೂ ಅಂಗಡಿಯಲ್ಲಿ ಒಂದು ಕೆಲಸ ಸಿಕ್ಕಿತು. ಉಟ್ಟರೆ ಸೆರಗು ಹೇಗೆ ಬೀಳುತ್ತದೆಂದು ಗಿರಾಕಿಗಳು ಕೇಳುತ್ತಿದ್ದರು. ಗೊಂಬೆ ತರಿಸಲು ದಾಕ್ಷಾಯಿಣಿಗೆ ಮನಸ್ಸಿಲ್ಲ, ಕಮಲಾಕ್ಷಮ್ಮ ನಿಲ್ಲಲೊಲ್ಲರು. ತೋಟಪ್ಪನವರು ಎತ್ತರದ ಆಳು, ನೆಟ್ಟಗೆ ನಿಲ್ಲುವ ಅಭ್ಯಾಸ ಕಾನ್ವೆಂಟಿನದು.

“ನಿಂತ್ಕಳಿ. ಬಾಯಿ ಮಾತ್ರ ಬಿಡಬೇಡ್ರಿ. ನೀವು ಹೊಗಳಿದ್ರೆ ಗಿರಾಕಿ ಓಡ್ತಾವೆ,” ಎಂದು ಆಜ್ಞೆಯಾಗಿತ್ತು.

ಹೀಗೆ ಅವರು ಗಿಳಿಹಸಿರು ಸೀರೆಯಲ್ಲಿ ನೆರಿಗೆ ಸಮೇತ, ನವಿಲುಗಳನ್ನು ಹೆಗಲಿಗೇರಿಸಿಕೊಂಡು ಪಡಸಾಲೆಯ ನಡುವೆ ನಿಂತಿದ್ದಾಗಲೇ ಬಾಗಿಲಲ್ಲಿ ಮಂಡಿಯ ಮುರುಗೇಂದ್ರಪ್ಪ ಕಾಣಿಸಿಕೊಂಡರು. ತೋಟಪ್ಪನವರ ಪಕ್ಕದ ಅಡತಿ ಅಂಗಡಿಯವರು. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಇಡೀ ಮಂಡಿಗೆ ಬೀಳುತ್ತದೆ. ತೋಟಪ್ಪನವರು ಭೂಮಿ ಬಾಯಿಬಿಡಲಿ ಎಂದು ಬೇಡಿಕೊಂಡರು. ಭೂಮಿಗೂ ಬಾಯಿ ಬಿಡಬಾರದೆಂದು ಆಜ್ಞೆಯಾಗಿತ್ತೋ ಏನೋ.

ಮುರುಗೇಂದ್ರಪ್ಪ ನಗಲಿಲ್ಲ. ಹತ್ತಿರ ಬಂದು, ಕತ್ತು ವಾರೆ ಮಾಡಿ, ತೋಟಪ್ಪನವರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಸೆರಗನ್ನು ಎರಡು ಬೆರಳಲ್ಲಿ ಉಜ್ಜಿದರು.

“ಥೂ, ಏನಪ್ಪಾ ತೋಟಪ್ಪ ಇದು! ಕಣ್ಣಿಗೆ ಹೊಡೀತೈತೆ ಬಣ್ಣ. ನವಿಲೋ ಕೋಳೀನೋ ಗೊತ್ತಾಗಲ್ಲ. ಸೆರಗೂ ಗಿಡ್ಡ ಐತೆ.”

ತೋಟಪ್ಪನವರು ಅವಮಾನದಿಂದ ಕಣ್ಣು ಮುಚ್ಚಿದರು. ಅಡಿಗೆಮನೆಯಿಂದ ದಾಕ್ಷಾಯಿಣಿ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು.

“ಬರ್ರಿ ಮುರುಗೇಂದ್ರಣ್ಣ, ಕೂತ್ಕಳಿ! ಯಾರಿಗೆ ಸೀರೆ, ಸೊಸೇಗಾ?”

“ಹ್ಞೂಂ ಕಣಮ್ಮ, ಹಬ್ಬಕ್ಕೆ. ಬಿಚ್ಚಿಕೊಡು.”

ದಾಕ್ಷಾಯಿಣಿ ಒಂದು ತುದಿ ಹಿಡಿದಳು, ಮುರುಗೇಂದ್ರಪ್ಪ ಇನ್ನೊಂದು ತುದಿ ಹಿಡಿದರು, ನಡುವೆ ತೋಟಪ್ಪನವರು ಬುಗುರಿಯಂತೆ ಗಿರ್ರನೆ ತಿರುಗಿದರು. ತಿರುಗಿ ನಿಂತು ತಲೆಸುತ್ತು ಇಳಿಯುವಷ್ಟರಲ್ಲಿ ಹೆಗಲ ಮೇಲೆ ನೇರಳೆ ಬಣ್ಣದ ಇನ್ನೊಂದು ಬಂದು ಬಿದ್ದಿತ್ತು.

“ಮೈ ಅಲುಗಿಸಬೇಡ್ರಿ,” ಎಂದಳು ದಾಕ್ಷಾಯಿಣಿ ನೆರಿಗೆ ಹಿಡಿಯುತ್ತಾ. “ಹೊರಗೆ ಇನ್ನೊಂದು ಕಾರು ನಿಂತೈತೆ.”